ಹೊಸ ಸೂಪರ್‌ವೈಸರ್ ಕೇಳಿದ್ದಾರೆ: ಹುಡುಗರ ಬೆರಳು ಉಳಿಸುವುದು ಹೇಗೆ?

ಪ್ರಶ್ನೆ: ಪೀಣ್ಯದ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಪ್ರೆಸ್ ಆಪರೇಟರ್ ಆಗಿದ್ದೆ. ಮೂರು ತಿಂಗಳ ಹಿಂದೆ ಶಿಫ್ಟ್ ಸೂಪರ್‌ವೈಸರ್ ಮಾಡಿದ್ದಾರೆ. ನನ್ನ ಕೆಳಗೆ 26 ಜನ, ಹದಿನಾರು ಪ್ರೆಸ್ಸು, ಎರಡು ಡ್ರಿಲ್ಲಿಂಗ್ ಮೆಷಿನ್. ಅರ್ಧಕ್ಕರ್ಧ ಜನ ಕಾಂಟ್ರ್ಯಾಕ್ಟ್‌ನವರು, ಒಡಿಶಾ, ಬಿಹಾರದಿಂದ ಬಂದ ಹುಡುಗರು. ಎಲ್ಲರಿಗೂ ಗ್ಲೌಸ್ ಹಾಕ್ಕೊಳ್ಳಿ, ಹುಷಾರಾಗಿ ಮಾಡಿ ಅಂತ ದಿನಾ ಹೇಳುತ್ತೇನೆ. ಯಾರೂ ಕೇಳುವುದಿಲ್ಲ. ಜಾಸ್ತಿ ಹೇಳಿದರೆ 'ನಿನ್ನೆವರೆಗೂ ನೀನೂ ಹೀಗೇ ಮಾಡ್ತಿದ್ಯಲ್ಲ ಗುರು' ಅಂತಾರೆ. ಮ್ಯಾನೇಜರ್‌ಗೆ ಪೀಸ್ ಎಷ್ಟಾಯ್ತು ಅನ್ನೋದೊಂದೇ ಚಿಂತೆ. ಹೋದ ತಿಂಗಳು ಒಬ್ಬ ಹುಡುಗನ ಬೆರಳು ಸ್ವಲ್ಪದರಲ್ಲಿ ಉಳಿಯಿತು. ಸೇಫ್ಟಿ ವಿಷಯದಲ್ಲಿ ಸೂಪರ್‌ವೈಸರ್ ಕೆಲಸ ಅಂದರೆ ನಿಜಕ್ಕೂ ಏನು? ವಾಪಸ್ ಆಪರೇಟರ್ ಆಗಿಬಿಡಲೇ ಅನ್ನಿಸುತ್ತಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ಬೆರಳು ಸ್ವಲ್ಪದರಲ್ಲಿ ಉಳಿಯಿತು ಅಂದಿರಿ. ಅದು ಯಾವ ಪ್ರೆಸ್? ಕೈ ಒಳಗಿದ್ದಾಗ ರ್ಯಾಮ್, ಅಂದರೆ ಮೇಲಿಂದ ಬಂದು ಶೀಟನ್ನು ಒತ್ತುವ ಭಾಗ, ಇಳಿದಿದ್ದು ಹೇಗೆ? ಮಾರನೇ ದಿನ ಆ ಪ್ರೆಸ್ ಹಾಗೇ ಓಡಿತಾ, ಇಲ್ಲ ಏನಾದರೂ ಸರಿ ಮಾಡಿದಿರಾ? ಅದನ್ನು ನೀವು ಬರೆದಿಲ್ಲ. ತಪ್ಪು ಹಿಡಿಯೋಕೆ ಕೇಳುತ್ತಿಲ್ಲ. ಸೂಪರ್‌ವೈಸರ್ ಕೆಲಸ ಏನು ಅನ್ನುವುದಕ್ಕೆ ಉತ್ತರ ಆ ಮಾರನೇ ದಿನದಲ್ಲೇ ಇದೆ.

ನನ್ನದೇ ಒಂದು ಘಟನೆ ಹೇಳುತ್ತೇನೆ. ಆಗ ನಾನೂ ನಿಮ್ಮ ಹಾಗೆ ಹೊಸ ಸೂಪರ್‌ವೈಸರ್. ಸೆಕೆಂಡ್ ಶಿಫ್ಟ್, ಸಂಜೆ ಆರರ ಹೊತ್ತು. ಗೇಟಿನಲ್ಲಿ ಲಾರಿ ನಿಂತಿದೆ, ಇನ್ನೂರು ಪೀಸ್ ಬಾಕಿ ಇದೆ. ನಲವತ್ತು ಟನ್ ಪ್ರೆಸ್ಸಿನ ಪಕ್ಕ ಹಾದುಹೋದೆ. ಅದಕ್ಕೆ ಎರಡು ಬಟನ್, ಎರಡೂ ಕೈಯಿಂದ ಒತ್ತಿದರೆ ಮಾತ್ರ ಸ್ಟ್ರೋಕ್ ಬರಬೇಕು, ಅಂದರೆ ರ್ಯಾಮ್ ಒಮ್ಮೆ ಇಳಿದು ಏಳಬೇಕು. ಎಡಗಡೆ ಬಟನ್ನಿಗೆ ಸೈಕಲ್ ಟ್ಯೂಬಿನ ಒಂದು ತುಂಡನ್ನು ಬಿಗಿಯಾಗಿ ಸುತ್ತಿದ್ದರು. ಬಟನ್ ಒಳಗೇ ಕೂತಿತ್ತು. ಹುಡುಗ ಎಡಗೈಯಲ್ಲಿ ಪೀಸ್ ಇಡುತ್ತಿದ್ದ, ಬಲಗೈಯಲ್ಲಿ ಒತ್ತುತ್ತಿದ್ದ. ಟ್ಯೂಬಿನ ಮೇಲೆ ಎಣ್ಣೆ ಕೂತು ಕಪ್ಪಾಗಿತ್ತು, ಅಂದರೆ ಇವತ್ತು ನಿನ್ನೆ ಕಟ್ಟಿದ್ದಲ್ಲ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಲಾರಿ ಹೋಗಲಿ, ಆಮೇಲೆ ಹೇಳೋಣ ಅಂದುಕೊಂಡು ಮುಂದೆ ಹೋದೆ. ಲಾರಿ ಹೋಯಿತು. ನಾನು ಮರೆತೆ. ಎರಡು ದಿನ ಬಿಟ್ಟು ಅವನ ಎಡಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ಅವನು ಬೈಯಲಿಲ್ಲ. 'ಸಾರ್, ನೀವು ನೋಡಿದ್ರಲ್ಲ, ಏನೂ ಅನ್ನಲಿಲ್ಲ, ಅದಕ್ಕೇ ಪರವಾಗಿಲ್ಲ ಅಂದ್ಕೊಂಡೆ' ಅಂದ. ಅದಾಗಿ ಎಷ್ಟೋ ವರ್ಷ ಆಯಿತು. ಆಮೇಲೆ ಸೇಫ್ಟಿ ಆಫೀಸರ್ ಆಗಿ ಹಲವು ಪ್ರೆಸ್ ಶಾಪ್‌ಗಳಲ್ಲಿ ಕೆಲಸ ಮಾಡಿದ್ದೇನೆ, ನೂರಾರು ಸೂಪರ್‌ವೈಸರ್‌ಗಳಿಗೆ ಟ್ರೈನಿಂಗ್ ಕೊಟ್ಟಿದ್ದೇನೆ. ಆದರೂ ಸೂಪರ್‌ವೈಸರ್ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಮಾತೇ. ನೀವು ನೋಡಿ ಸುಮ್ಮನೆ ಹೋದರೆ ಅದು ಒಪ್ಪಿಗೆ ಕೊಟ್ಟ ಹಾಗೆ. ಗೋಡೆ ಮೇಲೆ ಎಷ್ಟು ಬೋರ್ಡ್ ಇದ್ದರೂ, ಮಾರ್ಚ್ 4ರ ಸುರಕ್ಷತಾ ದಿನಕ್ಕೆ ಎಲ್ಲರೂ ಸಾಲಾಗಿ ನಿಂತು ಎಷ್ಟು ಜೋರಾಗಿ ಪ್ರತಿಜ್ಞೆ ಮಾಡಿದರೂ, ಶಾಪಿನ ಜನ ನೋಡುವುದು ಲಾರಿ ಗೇಟಿನಲ್ಲಿ ಇರುವಾಗ ಸೂಪರ್‌ವೈಸರ್ ಎಲ್ಲಿ ನಿಲ್ಲುತ್ತಾನೆ, ಎಲ್ಲಿ ನೋಡದವನ ಹಾಗೆ ಹೋಗುತ್ತಾನೆ ಅನ್ನುವುದನ್ನು.

ಈಗ 'ಹುಷಾರಾಗಿ ಮಾಡಿ' ಅನ್ನುವ ವಿಷಯಕ್ಕೆ ಬರೋಣ. ಅದನ್ನು ಹೇಳುವುದು ಬಿಟ್ಟುಬಿಡಿ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ಎಂಟು ಪೀಸ್ ಅಂದರೂ ಏಳು ಗಂಟೆಗೆ 3360 ಸಲ ಕೈ ಡೈ (ಶೀಟಿಗೆ ಆಕಾರ ಕೊಡುವ ಅಚ್ಚು) ಒಳಗೆ ಹೋಗಿ ಬರಬೇಕು. 3360 ಸಲವೂ ಹುಷಾರಾಗಿರುವ ಮನುಷ್ಯ ಇಲ್ಲ. ಮಗಳಿಗೆ ಜ್ವರ ಇರುತ್ತದೆ, ಊರಿಂದ ಫೋನ್ ಬಂದಿರುತ್ತದೆ, ಪಕ್ಕದವನು ಕರೆಯುತ್ತಾನೆ. ಒಂದು ಸಲ ಲಯ ತಪ್ಪಿದರೆ ಸಾಕು. ನಿಮ್ಮ ಕೆಲಸ ಅವನನ್ನು ಹುಷಾರು ಮಾಡುವುದಲ್ಲ, ಅವನು ಮೈಮರೆತಾಗಲೂ ಕೈ ಒಳಗೆ ಹೋಗದ ಹಾಗೆ ಮಾಡುವುದು.

ಅದಕ್ಕೆ ದಾರಿಗಳು ನಿಮಗೇ ಗೊತ್ತಿವೆ. ಶೀಟನ್ನು ಕತ್ತರಿಸುವ ಪಂಚಿಗೂ ಅದಕ್ಕೆ ಅಂಟಿದ ಶೀಟನ್ನು ಬಿಡಿಸುವ ಸ್ಟ್ರಿಪ್ಪರ್‌ಗೂ ನಡುವಿನ ಸಂದು 6 ಮಿ.ಮೀ. ಒಳಗಿದ್ದರೆ ಬೆರಳೇ ಹೋಗುವುದಿಲ್ಲ, ಶೀಟಿನಿಂದ ತುಂಡು ಕತ್ತರಿಸುವ ಬ್ಲ್ಯಾಂಕಿಂಗ್ ಡೈಗಳಲ್ಲಿ ಇದು ಎಷ್ಟೋ ಸಲ ಸಾಧ್ಯ. ಇಲ್ಲದಿದ್ದರೆ ಪೀಸ್ ಜಾರಿಸುವ ಸ್ಲೈಡ್, ಆಯಸ್ಕಾಂತದ ಕೋಲು, ಅದೂ ಇಲ್ಲದಿದ್ದರೆ ಇಕ್ಕಳ. ಇಕ್ಕಳ ಕೊಟ್ಟರೆ ಮೊದಲ ವಾರ ಪೀಸ್ ಕಡಿಮೆ ಆಗುತ್ತದೆ, ಹುಡುಗರು ಗೊಣಗುತ್ತಾರೆ, ಕೈ ಪಳಗಿದ ಮೇಲೆ ಲೆಕ್ಕ ಸರಿಯಾಗುತ್ತದೆ. ಆ ಒಂದು ವಾರ ನೀವು ಮ್ಯಾನೇಜರ್ ಮುಂದೆ ನಿಂತು ತಡೆದುಕೊಳ್ಳಬೇಕು. ಅದು ನಿಮ್ಮಿಂದ ಮಾತ್ರ ಆಗುವ ಕೆಲಸ.

ಗ್ಲೌಸ್ ವಿಷಯದಲ್ಲಿ ಸ್ವಲ್ಪ ನಿಲ್ಲಿ. ಎಲ್ಲರಿಗೂ ಗ್ಲೌಸ್ ಹಾಕಿ ಅನ್ನುತ್ತೀರಿ, ಆದರೆ ನಿಮ್ಮಲ್ಲಿ ಎರಡು ಡ್ರಿಲ್ಲಿಂಗ್ ಮೆಷಿನ್ ಇವೆ ಅಲ್ವಾ? ಅಲ್ಲಿ ಗ್ಲೌಸ್ ಹಾಕಲೇಬಾರದು. ತಿರುಗುವ ಡ್ರಿಲ್ ಬಿಟ್ಟಿಗೆ ಗ್ಲೌಸಿನ ಒಂದು ದಾರ ಸಿಕ್ಕರೆ ಸಾಕು, ಕೈಯನ್ನೇ ಸುತ್ತಿ ಎಳೆದುಕೊಳ್ಳುತ್ತದೆ. ಬರಿಗೈಯಾಗಿದ್ದರೆ ಗೀರು ಬಿದ್ದು ಮುಗಿಯುತ್ತಿದ್ದ ಗಾಯಕ್ಕೆ ಬೆರಳೇ ಕಿತ್ತು ಬರುತ್ತದೆ. ಅಲ್ಲಿ ಬೇಕಾಗಿರುವುದು ಕನ್ನಡಕ, ಬಿಗಿಯಾದ ತೋಳಿನ ಅಂಗಿ, ಮತ್ತು ಪೀಸನ್ನು ಕೈಯಲ್ಲಿ ಹಿಡಿಯದೆ ವೈಸ್‌ನಲ್ಲಿ ಕಟ್ಟುವುದು. ಪ್ರೆಸ್ಸಿನಲ್ಲಿ ಗ್ಲೌಸ್ ಬೇಕು, ಶೀಟಿನ ಅಂಚಿನ ಚೂಪು (ಬರ್) ಕೈ ಕುಯ್ಯುತ್ತದೆ ಅದಕ್ಕೆ. ನಲವತ್ತು ಟನ್ನಿಗೆ ಗ್ಲೌಸ್ ಯಾವ ಲೆಕ್ಕ? ಇದನ್ನು ಬಿಡಿಸಿ ಹೇಳದೆ ಎಲ್ಲರಿಗೂ ಒಂದೇ ಮಾತು ಹೇಳಿದರೆ, ಡ್ರಿಲ್ಲಿಂಗ್ ಮೇಲಿರುವ ಹಳೇ ಕೆಲಸಗಾರನಿಗೆ ನಿಮ್ಮ ಮಾತಿನ ಮೇಲೆ ನಂಬಿಕೆ ಹೋಗುತ್ತದೆ. ಅವನು ಸರಿಯಾಗಿಯೇ ಇರುತ್ತಾನೆ.

ಪ್ರೆಸ್ಸುಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ಹದಿನಾರರಲ್ಲಿ ಎಷ್ಟು ಕೀ ಕ್ಲಚ್ಚಿನವು (ಲೋಹದ ಕೀಲಿನಿಂದ ಹಿಡಿಯುವವು), ಎಷ್ಟು ನ್ಯೂಮ್ಯಾಟಿಕ್ ಕ್ಲಚ್ಚಿನವು (ಗಾಳಿಯ ಒತ್ತಡದಿಂದ ಹಿಡಿಯುವವು) ಅಂತ ಮೊದಲು ಪಟ್ಟಿ ಮಾಡಿ. ಕೀ ಕ್ಲಚ್ ಒಮ್ಮೆ ಹಿಡಿದರೆ ಒಂದು ಪೂರ್ತಿ ಸುತ್ತು ಮುಗಿಸಿಯೇ ಬಿಡುತ್ತದೆ, ಮಧ್ಯದಲ್ಲಿ ನಿಲ್ಲಿಸಲು ಆಗುವುದಿಲ್ಲ. ಅಂಥ ಪ್ರೆಸ್ಸಿಗೆ ಲೈಟ್ ಕರ್ಟನ್ (ಬೆಳಕಿನ ಕಿರಣಗಳ ಪರದೆ) ಹಾಕಿಸಿ ಸೇಫ್ಟಿ ಆಯಿತು ಅಂದುಕೊಂಡಿರುವ ಮಾಲೀಕರನ್ನು ನೋಡಿದ್ದೇನೆ. ಕೈ ಅಡ್ಡ ಬಂದಿದ್ದು ಕರ್ಟನ್ನಿಗೆ ಗೊತ್ತಾಗುತ್ತದೆ, ಆದರೆ ರ್ಯಾಮ್ ನಿಲ್ಲುವುದಿಲ್ಲ. ಅದಕ್ಕೆ ಬೇಕಾಗಿರುವುದು ಮುಂದೆ ಅಡ್ಡಲಾಗಿ ಕೂರುವ ಗಟ್ಟಿ ಗಾರ್ಡ್, ಅದು ಮುಚ್ಚಿದರೆ ಮಾತ್ರ ಕ್ಲಚ್ ಹಿಡಿಯುವ ಹಾಗೆ. ಕೀ ಕ್ಲಚ್ಚಿನಲ್ಲಿ ಇನ್ನೊಂದು ಅಪಾಯ, ಕೀ ಅಥವಾ ಸ್ಪ್ರಿಂಗ್ ಸವೆದರೆ ಒತ್ತದೆಯೇ ಎರಡನೇ ಸ್ಟ್ರೋಕ್ ಬರುವುದು. ಯಾವ ಆಪರೇಟರ್ ಬಂದು 'ಸಾರ್, ಒಂದ್ಸಲ ಡಬಲ್ ಹೊಡೀತು' ಅಂದರೂ ಆ ಕ್ಷಣ ಪ್ರೆಸ್ ನಿಲ್ಲಿಸಿ. ಒಂದ್ಸಲ ತಾನೇ, ಮತ್ತೆ ಬಂದರೆ ನೋಡೋಣ ಅನ್ನಬೇಡಿ. ಮತ್ತೆ ಬರುವಾಗ ಕೈ ಎಲ್ಲಿರುತ್ತದೆ ಅಂತ ಯಾರಿಗೆ ಗೊತ್ತು?

ಎರಡು ಬಟನ್ನಿನ ಪ್ರೆಸ್ಸುಗಳಲ್ಲಿ ದಿನಾ ಶಿಫ್ಟ್ ಶುರುವಿಗೆ ಮುಂಚೆ ಒಂದು ಪರೀಕ್ಷೆ ಮಾಡಿ. ಡೈ ಹತ್ತಿರ ಯಾರ ಕೈಯೂ ಇಲ್ಲ ಅಂತ ನೋಡಿಕೊಂಡು ಒಂದೇ ಬಟನ್ ಒತ್ತಿ. ಆಮೇಲೆ ಇನ್ನೊಂದನ್ನು ಒತ್ತಿ ಹಿಡಿದುಕೊಂಡೇ ಎರಡು ಸೆಕೆಂಡ್ ಬಿಟ್ಟು ಮೊದಲನೆಯದನ್ನು ಒತ್ತಿ. ಎರಡರಲ್ಲಿ ಯಾವಾಗ ರ್ಯಾಮ್ ಇಳಿದರೂ ಆ ಪ್ರೆಸ್ ಬಂದ್. ಎರಡೂ ಕೈ ಬಟನ್ ಮೇಲಿವೆಯಾ ಅಂತ ನೋಡುವ ಸರಿಯಾದ ಟು-ಹ್ಯಾಂಡ್ ರಿಲೇ ಇದ್ದರೆ ಎರಡೂ ಬಟನ್ ಅರ್ಧ ಸೆಕೆಂಡಿನ ಒಳಗೆ ಒಟ್ಟಿಗೆ ಒತ್ತಬೇಕು, ಪ್ರತಿ ಸ್ಟ್ರೋಕಿಗೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಆಗ ಟ್ಯೂಬ್ ಕಟ್ಟಿದರೆ ಪ್ರೆಸ್ಸೇ ಓಡುವುದಿಲ್ಲ. ನಮ್ಮ ಆ ಪ್ರೆಸ್ಸಿನಲ್ಲಿ ಎರಡು ಬಟನ್ನನ್ನು ಸುಮ್ನೆ ಸೀರೀಸಿನಲ್ಲಿ ವೈರ್ ಮಾಡಿಟ್ಟಿದ್ದರು. ಆಮೇಲೆ ರಿಲೇ ಹಾಕಿಸಿದೆವು. ಟ್ಯೂಬ್ ಕಟ್ಟುವ ಅಭ್ಯಾಸ ಅವತ್ತಿಗೇ ಮುಗಿಯಿತು, ಯಾರಿಗೂ ಬುದ್ಧಿ ಹೇಳಬೇಕಾಗಲಿಲ್ಲ.

ಬಟನ್ ಡೈಯಿಂದ ಎಷ್ಟು ದೂರ ಇದೆ ಅನ್ನುವುದನ್ನೂ ಟೇಪ್ ಹಿಡಿದು ಅಳೆಯಿರಿ. ಮನುಷ್ಯನ ಕೈ ಸೆಕೆಂಡಿಗೆ 1.6 ಮೀಟರ್ ಚಲಿಸುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳುತ್ತಾರೆ. ನಿಮ್ಮ ಪ್ರೆಸ್ ನಿಲ್ಲಲು ಕಾಲು ಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲಿ ಕೈ 40 ಸೆಂ.ಮೀ. ಹೋಗಿರುತ್ತದೆ. ಹಾಗಾಗಿ ಒಂದು ಗೇಣು ದೂರದಲ್ಲಿ ಬಟನ್ ಇದ್ದರೆ ಅದು ಬರೀ ತೋರಿಕೆಗೆ. ಪೆಡಲ್ ಪ್ರೆಸ್ಸುಗಳಾದರೆ ಪೆಡಲ್ ಮೇಲೆ ಮುಚ್ಚಳ ಇದೆಯಾ ನೋಡಿ, ಒಂದು ಪೀಸ್ ಜಾರಿ ಪೆಡಲ್ ಮೇಲೆ ಬಿದ್ದರೂ ರ್ಯಾಮ್ ಇಳಿಯುತ್ತದೆ. ರ್ಯಾಮ್ ಮೇಲೆ ಬಂದಾಗ ಗಕ್ಕನೆ ನಿಲ್ಲುತ್ತಾ ಇಲ್ಲ ಜಾರುತ್ತಾ ಅನ್ನುವುದನ್ನು ಕಣ್ಣಲ್ಲೇ ನೋಡಬಹುದು. ಜಾರಿದರೆ ಬ್ರೇಕ್ ಲೈನಿಂಗ್ ಸವೆದಿದೆ.

ಡೈ ಕಟ್ಟುವಾಗ ಮೇನ್ ಸ್ವಿಚ್ ಆಫ್ ಮಾಡಿದರೆ ಸಾಲದು. ಫ್ಲೈವೀಲ್, ಅಂದರೆ ಪ್ರೆಸ್ಸಿಗೆ ಬಲ ಕೊಡುವ ಭಾರದ ಚಕ್ರ, ಇನ್ನೂ ತಿರುಗುತ್ತಾ ಇರುತ್ತದೆ, ಅದರಲ್ಲಿ ಇನ್ನೊಂದು ಸ್ಟ್ರೋಕಿಗೆ ಆಗುವಷ್ಟು ಬಲ ಇರುತ್ತದೆ. ಅದು ಪೂರ್ತಿ ನಿಲ್ಲಬೇಕು, ಸ್ವಿಚ್ಚಿಗೆ ಬೀಗ ಬೀಳಬೇಕು, ಆ ಬೀಗದ ಕೈ ಡೈ ಕಟ್ಟುವವನ ಜೇಬಿನಲ್ಲಿರಬೇಕು, ರ್ಯಾಮ್ ಇಳಿಯದ ಹಾಗೆ ಅದರ ಕೆಳಗೆ ಸೇಫ್ಟಿ ಬ್ಲಾಕ್ ಕೂರಬೇಕು. ನಿಮ್ಮ ಶಾಪಿನಲ್ಲಿ ಬ್ಲಾಕ್ ಎಲ್ಲಿದೆ ಅಂತ ಇವತ್ತೇ ಹುಡುಕಿ. ಎಷ್ಟೋ ಕಡೆ ಅದು ರ್ಯಾಕ್ ಕೆಳಗೆ ಧೂಳು ಹಿಡಿದು ಕೂತಿರುತ್ತದೆ.

ಇಲ್ಲೇ ನಿಮ್ಮ ಹಳೇ ಜೊತೆಗಾರರ ಮಾತಿಗೂ ಉತ್ತರ ಇದೆ. 'ನಿನ್ನೆವರೆಗೂ ನೀನೂ ಹೀಗೇ ಮಾಡ್ತಿದ್ದೆ' ಅಂದರೆ ಹೌದು ಅನ್ನಿ. ಮಾಡುತ್ತಿದ್ದೆ, ಅದೃಷ್ಟ ಚೆನ್ನಾಗಿತ್ತು, ನಿನ್ನ ಅದೃಷ್ಟದ ಮೇಲೆ ನಾನು ಶಿಫ್ಟ್ ಓಡಿಸಲ್ಲ ಅನ್ನಿ. ಆಮೇಲೆ ಒಂದು ಜಾಗ್ರತೆ. ಪೀಸ್ ಸಿಕ್ಕಿಹಾಕಿಕೊಂಡಾಗ ಆಪರೇಟರ್ ಕರೆಯುತ್ತಾನೆ, ನಿಮಗೆ ಒಂಬತ್ತು ವರ್ಷದ ಕೈ, ಒಂದು ಸೆಕೆಂಡಿನಲ್ಲಿ ತೆಗೆದುಬಿಡುತ್ತೀರಿ. ತೆಗೆಯಬೇಡಿ. ಪ್ರೆಸ್ ನಿಲ್ಲಿಸಿ, ಬ್ಲಾಕ್ ಇಟ್ಟು, ಕೋಲಿನಿಂದ ತೆಗೆಯಿರಿ. ಅಷ್ಟು ಹೊತ್ತೂ ಸುತ್ತಲಿನ ನಾಲ್ಕು ಜನ ನಿಮ್ಮ ಕೈಯನ್ನೇ ನೋಡುತ್ತಿರುತ್ತಾರೆ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಯಂತ್ರದ ಅಪಾಯದ ಭಾಗಗಳಿಗೆ ಗಟ್ಟಿಯಾದ ಗಾರ್ಡ್ ಇರಬೇಕು ಅಂದಿತು. ಅಷ್ಟಕ್ಕೇ ನಿಲ್ಲಿಸದೆ, ಯಂತ್ರ ಓಡುವಷ್ಟು ಹೊತ್ತೂ ಅದು ತನ್ನ ಜಾಗದಲ್ಲೇ ಇರಬೇಕು ಅಂತಲೂ ಸೇರಿಸಿತು. ಗಾರ್ಡ್ ಕೊಡಿಸುವುದು ಮಾಲೀಕರ ಕೆಲಸ. ರಾತ್ರಿ ಎರಡು ಗಂಟೆಗೂ ಅದು ತನ್ನ ಜಾಗದಲ್ಲಿದೆಯಾ ಅಂತ ನೋಡುವವರು ಯಾರು? ಮಾಲೀಕರು ಮನೆಯಲ್ಲಿರುತ್ತಾರೆ, ಫ್ಯಾಕ್ಟರಿ ಇನ್‌ಸ್ಪೆಕ್ಟರ್ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಸೇಫ್ಟಿ ಆಫೀಸರ್ ಇರಲೇಬೇಕು ಅನ್ನುವುದಕ್ಕೆ ಹಳೇ ಕಾಯ್ದೆಯಲ್ಲಿ 1000 ಕೆಲಸಗಾರರು ಬೇಕಿತ್ತು, 2020ರ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲಿ ಸಾಮಾನ್ಯ ಕಾರ್ಖಾನೆಗೆ 500, ಅಪಾಯಕಾರಿ ಪ್ರಕ್ರಿಯೆ ಇರುವಲ್ಲಿ 250. ನಿಮ್ಮಂಥ ಚಿಕ್ಕ ಶಾಪುಗಳು ಆ ಲೆಕ್ಕಕ್ಕೇ ಬರುವುದಿಲ್ಲ. ಪೀಣ್ಯದಲ್ಲಿ ಇಂಥವು ಬೇಕಾದಷ್ಟಿವೆ. ಅಲ್ಲೆಲ್ಲ ಸೇಫ್ಟಿ ಅಂದರೆ ಸೂಪರ್‌ವೈಸರ್ ಮಾತ್ರ.

ಭೋಪಾಲ್ ಅನಿಲ ದುರಂತದ ಬಗ್ಗೆ ಕೇಳಿರುತ್ತೀರಿ. 1984ರ ಡಿಸೆಂಬರ್ 2ರ ರಾತ್ರಿ ಸುಮಾರು ಹನ್ನೊಂದೂವರೆಗೇ ಕಂಟ್ರೋಲ್ ರೂಮಿನ ಹುಡುಗರಿಗೆ ಕಣ್ಣು ಉರಿಯಲು ಶುರುವಾಗಿತ್ತು. ಸೋರಿಕೆ ಇದೆ ಅಂತ ಗೊತ್ತಾಯಿತು. ಚಹಾ ಆದಮೇಲೆ ನೋಡೋಣ ಅಂತ ಆಯಿತು. ಅಲ್ಲಿ ಕೆಟ್ಟಿದ್ದು ಒಂದೆರಡಲ್ಲ ನಿಜ, ತಂಪು ಮಾಡುವ ಘಟಕ ಬಂದ್ ಆಗಿತ್ತು, ಸೋರಿದ ಅನಿಲ ಸುಡುವ ಫ್ಲೇರ್ ಕೆಲಸ ಮಾಡುತ್ತಿರಲಿಲ್ಲ, ಖರ್ಚು ಉಳಿಸಲು ಜನರನ್ನು ಕಡಿಮೆ ಮಾಡಿದ್ದರು. ದೊಡ್ಡ ತಪ್ಪು ಮೇಲಿನವರದು. ಆದರೆ ನನಗೆ ಆ ಚಹಾದ ಮಾತು ಬಿಡದೆ ಕಾಡುತ್ತದೆ. ಅದಕ್ಕೂ ನನ್ನ ಲಾರಿಗೂ ಏನು ವ್ಯತ್ಯಾಸ? ಆ ದುರಂತದ ನಂತರ 1987ರಲ್ಲಿ ಕಾಯ್ದೆ ತಿದ್ದಿದರು. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳಲ್ಲಿ ಕೆಲಸಗಾರ ಬಂದು ಅಪಾಯ ಇದೆ ಅಂದರೆ, ಉಸ್ತುವಾರಿ ಹೊತ್ತವನಿಗೆ ಅದು ನಿಜ ಅನ್ನಿಸಿದ ಕೂಡಲೇ ಸರಿಪಡಿಸಬೇಕು, ಇನ್‌ಸ್ಪೆಕ್ಟರ್‌ಗೂ ತಿಳಿಸಬೇಕು ಅಂತ ಸೇರಿಸಿದರು. ನಿಮ್ಮ ಶಾಪ್ ಆ ಪಟ್ಟಿಯಲ್ಲಿ ಇಲ್ಲದೆ ಇರಬಹುದು, ಆ ಮಾತನ್ನು ಮಾತ್ರ ನಿಮ್ಮದು ಮಾಡಿಕೊಳ್ಳಿ.

ಕೆಲಸಗಾರ ಬಂದು ಹೇಳಬೇಕಾದರೆ ಅವನಿಗೆ ಹೇಳುವ ಧೈರ್ಯ ಇರಬೇಕು. ಒಡಿಶಾದಿಂದ ಬಂದ ಹತ್ತೊಂಬತ್ತರ ಹುಡುಗನಿಗೆ ಕನ್ನಡ ಬಾರದು, ಕಾಂಟ್ರ್ಯಾಕ್ಟರ್ ಎದುರು ಬಾಯಿ ಬಿಟ್ಟರೆ ನಾಳೆಯಿಂದ ಬರಬೇಡ ಅಂತಾನೆ. ಅಂಥವನು ಬಂದು ಪ್ರೆಸ್ ಡಬಲ್ ಹೊಡೀತು ಅಂದರೆ ಅವನಿಗೆ ಎದೆ ಎಷ್ಟು ಹೊಡೆದುಕೊಂಡಿರಬೇಕು ಯೋಚಿಸಿ. ಮೊದಲ ಸಲ ನೀವು ಮುಖ ಸಿಂಡರಿಸಿದರೆ ಎರಡನೇ ಸಲ ಅವನು ಬರುವುದಿಲ್ಲ. ಅವರ ಗುಂಪಿನಲ್ಲೇ ಒಬ್ಬ ಹಳಬನನ್ನು ಜೊತೆಗೆ ಇಟ್ಟುಕೊಳ್ಳಿ. ಹೊಸಬನಿಗೆ ಮಾತಿನಲ್ಲಿ ಹೇಳುವುದಕ್ಕಿಂತ ಪ್ರೆಸ್ ನಿಲ್ಲಿಸಿ ಮಾಡಿ ತೋರಿಸಿ, ಆಮೇಲೆ ಅವನು ನಿಮಗೆ ಮಾಡಿ ತೋರಿಸಲಿ. ತಲೆ ಆಡಿಸಿದ್ದನ್ನು ಅರ್ಥವಾಯಿತು ಅಂತ ತಿಳಿಯಬೇಡಿ. ಸೇರಿದ ಮೊದಲ ವಾರ ಪ್ರೆಸ್ಸಿಗೆ ಹಾಕಲೇಬೇಡಿ, ಪ್ಯಾಕಿಂಗಿಗೋ ಸ್ಕ್ರ್ಯಾಪಿಗೋ ಹಾಕಿ, ಶಾಪ್ ಅಭ್ಯಾಸ ಆಗಲಿ. ಡಬಲ್ ಡ್ಯೂಟಿ ಮಾಡಿದವನನ್ನೂ ಅಷ್ಟೇ, ಬೆಳಗಿನ ಜಾವ ಮೂರರಿಂದ ಐದರವರೆಗೆ ಕೈಯಿಂದ ಪೀಸ್ ಇಡುವ ಪ್ರೆಸ್ಸಿನಲ್ಲಿ ಕೂರಿಸಬೇಡಿ.

ಆಯುಧ ಪೂಜೆ ಸಮಯದಲ್ಲಿ ಒಂದು ವಿಷಯ ನೆನಪಿಡಿ. ಹಬ್ಬಕ್ಕೆ ಮುಂಚೆ ಪ್ರೆಸ್ ತೊಳೆಯಲು, ಬಣ್ಣ ಹೊಡೆಯಲು ಗಾರ್ಡ್ ಎಲ್ಲಾ ಬಿಚ್ಚುತ್ತಾರೆ. ಪೂಜೆ ಆಗುತ್ತದೆ, ಕುಂಬಳಕಾಯಿ ಒಡೆಯುತ್ತಾರೆ, ಎಲ್ಲರೂ ಊರಿಗೆ ಹೋಗುತ್ತಾರೆ. ವಾಪಸ್ ಬಂದಾಗ ಅರ್ಧ ಗಾರ್ಡ್ ಮೂಲೆಯಲ್ಲೇ ಇರುತ್ತವೆ, ಬೋಲ್ಟ್ ಸಿಗುವುದಿಲ್ಲ. ಬಾಳೆಕಂಬ ಇನ್ನೂ ಒಣಗಿರುವುದಿಲ್ಲ, ಅಷ್ಟರಲ್ಲಿ ಪ್ರೆಸ್ ಗಾರ್ಡ್ ಇಲ್ಲದೆ ಓಡುತ್ತಿರುತ್ತದೆ. ಬಿಚ್ಚುವಾಗಲೇ ಪ್ರತಿ ಗಾರ್ಡಿನ ಮೇಲೆ ಪ್ರೆಸ್ ನಂಬರ್ ಬರೆದು, ಬೋಲ್ಟನ್ನು ಕವರಿಗೆ ಹಾಕಿ ಅದಕ್ಕೇ ಕಟ್ಟಿಡಿ.

ಮ್ಯಾನೇಜರ್ ಜೊತೆ ಜಗಳಕ್ಕೆ ಇಳಿಯಬೇಡಿ. ಅವರಿಗೆ ಪೀಸಿನ ಭಾಷೆ ಗೊತ್ತು, ಅದರಲ್ಲೇ ಮಾತಾಡಿ. 'ನಾಲ್ಕನೇ ಪ್ರೆಸ್ ಡಬಲ್ ಹೊಡೀತಿದೆ, 10.40ಕ್ಕೆ ನಿಲ್ಲಿಸಿದ್ದೇನೆ, ಮೇಂಟೆನೆನ್ಸ್‌ಗೆ ಹೇಳಿದ್ದೇನೆ, ಆ ಆರ್ಡರನ್ನು ಏಳನೇ ಪ್ರೆಸ್ಸಿಗೆ ಹಾಕಿದ್ದೇನೆ.' ಇಷ್ಟನ್ನು ಫೋಟೋ ಜೊತೆ ಶಾಪಿನ ವಾಟ್ಸಾಪ್ ಗುಂಪಿಗೆ ಹಾಕಿ, ಲಾಗ್ ಬುಕ್ಕಿನಲ್ಲೂ ಬರೆಯಿರಿ. ಓಡಿಸಲಾ ಬೇಡವಾ ಅಂತ ಕೇಳಬೇಡಿ, ನಿಲ್ಲಿಸಿದ್ದೇನೆ ಅಂತ ತಿಳಿಸಿ. ಓಡಿಸು ಅಂತ ಬಾಯಿಮಾತಲ್ಲಿ ಹೇಳುವವರು ಬರವಣಿಗೆಯಲ್ಲಿ ಹೇಳಲು ಹಿಂದೆಮುಂದೆ ನೋಡುತ್ತಾರೆ, ಇದು ನನ್ನ ಅನುಭವ. ಅಷ್ಟಾದರೂ ಕೇಳದಿದ್ದರೆ ಕಾರ್ಖಾನೆಗಳ ಇಲಾಖೆಗೆ ತಿಳಿಸುವ ದಾರಿ ಇದೆ. ಅದು ಸುಲಭ ಅಂತ ನಾನು ಹೇಳುವುದಿಲ್ಲ, ನಿಮಗೂ ಮನೆ ಇದೆ, ಸಾಲ ಇದೆ.

ಇಷ್ಟೆಲ್ಲ ಮಾಡಿದರೂ ಏಟು ಬೀಳಬಹುದು. ಬೆರಳು ತುಂಡಾದರೆ ಗಾಯಕ್ಕೆ ಶುಭ್ರ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ, ಆ ಕವರನ್ನು ಐಸ್ ಹಾಕಿದ ನೀರಿನಲ್ಲಿ ಇಡಿ. ಬೆರಳನ್ನು ನೇರವಾಗಿ ಐಸ್ ಮೇಲೆ ಇಡಬಾರದು, ಮಾಂಸ ಕೆಡುತ್ತದೆ, ಜೋಡಿಸಲು ಆಗುವುದಿಲ್ಲ. ಗಾಯ ಮನೆಯಲ್ಲಿ ಆಯಿತು ಅಂತ ಆಸ್ಪತ್ರೆಯಲ್ಲಿ ಬರೆಸು ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಕೆಲಸದ ಜಾಗದ ಗಾಯ ಅಂತ ದಾಖಲಾದರೆ ಇಎಸ್‌ಐನಿಂದ (ನೌಕರರ ರಾಜ್ಯ ವಿಮೆ) ರಜೆಯ ಅವಧಿಗೆ ಸಂಬಳದ ಶೇ. 90 ಸಿಗುತ್ತದೆ, ಕೆಲಸಕ್ಕೆ ಸೇರಿದ ಮೊದಲ ದಿನವೇ ಆಗಿದ್ದರೂ ಸರಿ. ಶಾಶ್ವತ ನಷ್ಟಕ್ಕೆ 1923ರ ಪರಿಹಾರ ಕಾಯ್ದೆ ಒಂದು ಪಟ್ಟಿ ಮಾಡಿತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ಶೇ. 30 ಹೋಯಿತು ಅಂತ, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಾದರೆ 12. ಆ ಪಟ್ಟಿಯನ್ನು ಒಮ್ಮೆ ತೆಗೆದು ಓದಿ. ಅವತ್ತು ರಾತ್ರಿ ಊಟ ಮಾಡುವಾಗ ನಿಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತೀರಿ.

ಆಮೇಲೆ 'ಯಾಕೋ ಕೈ ಹಾಕ್ದೆ?' ಅಂತ ಅವನನ್ನು ಕೇಳಬೇಡಿ. ಕೈ ಹೋಗುವ ಹಾಗೆ ಯಾಕಿತ್ತು ಅಂತ ನೀವೇ ಆ ಪ್ರೆಸ್ ಮುಂದೆ ನಿಂತು ನೋಡಿ.

ಇನ್ನು ವಾಪಸ್ ಆಪರೇಟರ್ ಆಗಿಬಿಡಲೇ ಅಂತ ಕೇಳಿದ್ದೀರಿ. ಬೇಡ. ಹುಡುಗನ ಬೆರಳು ಸ್ವಲ್ಪದರಲ್ಲಿ ಉಳಿದಿದ್ದು ಒಂದು ತಿಂಗಳಾದರೂ ನಿಮ್ಮ ತಲೆಯಲ್ಲಿದೆ, ಎಷ್ಟೋ ಜನ ಅವತ್ತೇ ಮರೆತಿರುತ್ತಿದ್ದರು. ನಿಮ್ಮ ಜಾಗಕ್ಕೆ ಬರುವವನು ಅಂಥವನಾದರೆ ಆ 26 ಜನರ ಗತಿ? ನಾಳೆ ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಹೋಗಿ. ಆ ಪ್ರೆಸ್ಸಿನ ಹತ್ತಿರ ನಿಂತು, ಆ ಹುಡುಗನನ್ನೇ ಕರೆದು, ಅವತ್ತು ಏನಾಯಿತು ತೋರಿಸು ಅನ್ನಿ. ಅದು ಕೀ ಕ್ಲಚ್ಚಾ ನ್ಯೂಮ್ಯಾಟಿಕ್ಕಾ, ಎಷ್ಟು ಟನ್, ನಿಮಿಷಕ್ಕೆ ಎಷ್ಟು ಸ್ಟ್ರೋಕ್, ಬಟನ್ ಡೈಯಿಂದ ಎಷ್ಟು ಸೆಂ.ಮೀ. ದೂರ ಇದೆ ಅಂತ ಅಳೆದು ನನಗೆ ಬರೆಯಿರಿ. ಅದಕ್ಕೆ ಯಾವ ಗಾರ್ಡ್ ಸರಿ ಹೋಗುತ್ತದೆ ಅಂತ ಚಿತ್ರ ಬರೆದು ಕಳಿಸುತ್ತೇನೆ.